ಊರಿನ ಗಾತ್ರಕ್ಕೂ ನಾವು ಹಾಕುವ ಮತಕ್ಕೂ ಏನು ಸಂಬಂಧ?

ಓದುಗರ ಪ್ರಶ್ನೆ: ಮಂಡ್ಯ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ಪಂಚಾಯಿತಿ ಚುನಾವಣೆ ಬಂದರೆ ವ್ಯಕ್ತಿಯನ್ನು ನೋಡಿ ಮತ ಹಾಕುತ್ತಿದ್ದೆ. 2021ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ ಮೇಲೆ ಪಕ್ಷದ ಚಿಹ್ನೆಯನ್ನಷ್ಟೇ ನೋಡುತ್ತಿದ್ದೇನೆ. ಬದಲಾದದ್ದು ನಾನೋ, ಊರೋ?

ಉತ್ತರ: ಬಹುಮಟ್ಟಿಗೆ ಊರಿನ ಗಾತ್ರ. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯನಿರುತ್ತಾನೆ, ಚುನಾವಣೆಯೂ ಪಕ್ಷದ ಚಿಹ್ನೆಯಿಲ್ಲದೆ ನಡೆಯುತ್ತದೆ. ಬೆಳಗ್ಗೆ ಡೇರಿಯ ಮುಂದೆ ಹಾಲಿನ ಕ್ಯಾನ್ ಹಿಡಿದು ನಿಂತವರ ಸಾಲಿನಲ್ಲಿ ಅಭ್ಯರ್ಥಿಯೂ ಇರುತ್ತಾನೆ. ಪಹಣಿ ತಿದ್ದುಪಡಿಗೆಂದು ಕರೆದರೆ ತಾಲ್ಲೂಕು ಕಚೇರಿಗೆ ಜೊತೆಯಲ್ಲಿ ಬರುವವನೋ, ನಾಳೆ ನೋಡೋಣ ಎನ್ನುವವನೋ ಎಂಬುದು ಊರಿಗೆಲ್ಲ ಗೊತ್ತು. 2024ರಲ್ಲಿ ಸುಮಾರು 32 ಲಕ್ಷ ಮತದಾರರಿದ್ದ ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರದಲ್ಲಿ ಇಂಥ ಪರಿಚಯ ಸಾಧ್ಯವೇ ಇಲ್ಲ. ಅಲ್ಲಿ ಅಭ್ಯರ್ಥಿಯ ಬಗ್ಗೆ ತಿಳಿಯದ ಸಂಗತಿಗಳಿಗೆಲ್ಲ ಚಿಹ್ನೆಯೇ ಗುರುತಾಗುತ್ತದೆ. ಇದನ್ನು ನಾನು ಮತದಾರರ ಸೋಮಾರಿತನವೆಂದು ಕರೆಯಲಾರೆ.

ಹಾಗೆಂದು ಚಿಕ್ಕ ಊರಿನ ಮತವೆಲ್ಲ ಸ್ವತಂತ್ರವಾದ ಮತವೆಂದೂ ಭಾವಿಸಬಾರದು. ವಿಧಾನಸಭೆ, ಲೋಕಸಭೆಗಳಿಗೆ ಎಣಿಕೆ ನಡೆಯುವುದು ಮತಗಟ್ಟೆವಾರು. ಇಡೀ ಹಳ್ಳಿಗೆ ಒಂದೇ ಮತಗಟ್ಟೆಯಿದ್ದರೆ ಆ ಊರು ಯಾರಿಗೆ ಎಷ್ಟು ಮತ ಕೊಟ್ಟಿತೆಂಬುದು ಸಂಜೆಯೊಳಗೆ ಎಲ್ಲರಿಗೂ ತಿಳಿಯುತ್ತದೆ, ಒಂದು ಕೇರಿಯವರು ಬೇರೆ ದಾರಿ ಹಿಡಿದಿದ್ದರೆ ಅದನ್ನು ಊಹಿಸುವುದೂ ಕಷ್ಟವಲ್ಲ. ಬಲಿಷ್ಠರ ಮುನಿಸಿಗೆ ಹೆದರಿ ಮನಸ್ಸು ಬದಲಿಸುವವರ ಪಾಲಿಗೆ ಮಹಾನಗರದ ಅಪರಿಚಿತತೆಯೇ ರಕ್ಷಣೆ. ಹಲವು ಯಂತ್ರಗಳ ಮತಗಳನ್ನು ಒಟ್ಟುಗೂಡಿಸಿ ಎಣಿಸುವ ಟೋಟಲೈಸರ್ ಬಳಸಬಹುದೆಂದು ಚುನಾವಣಾ ಆಯೋಗವು 2008ರಲ್ಲೇ ಸೂಚಿಸಿತ್ತು, 2015ರಲ್ಲಿ ಕಾನೂನು ಆಯೋಗವೂ ಅದನ್ನು ಬೆಂಬಲಿಸಿತ್ತು. ಜಾರಿಗೆ ಬಾರದೆ ಹೋದದ್ದು ನನಗೆ ನಿಜಕ್ಕೂ ನೋವಿನ ಸಂಗತಿ.

ಗಾತ್ರ ಹಿಗ್ಗಿದಂತೆ ಮತಗಟ್ಟೆಯತ್ತ ನಡೆಯುವ ಕಾಲುಗಳೂ ಹಿಂದೆ ಸರಿಯುತ್ತವೆ. 2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದಲ್ಲಿ ಶೇ 81ಕ್ಕೂ ಹೆಚ್ಚು ಮತದಾನವಾದರೆ ಬೆಂಗಳೂರು ದಕ್ಷಿಣದಲ್ಲಿ ಶೇ 53ರಷ್ಟಾಯಿತು. ಮನೆ ಬದಲಿಸಿದವರ ಹೆಸರು ಹಳೆಯ ಪಟ್ಟಿಯಲ್ಲೇ ಉಳಿಯುವುದೂ ಇದಕ್ಕೆ ಒಂದು ಕಾರಣ. ಇಷ್ಟು ಜನರ ನಡುವೆ ತನ್ನ ಒಂದು ಮತದಿಂದ ಏನಾದೀತು ಎಂಬ ಭಾವನೆ ಮತ್ತೊಂದು. ಆದರೆ 2023ರಲ್ಲಿ ಇದೇ ನಗರದ ಜಯನಗರದ ಫಲಿತಾಂಶ ನಿರ್ಧಾರವಾದದ್ದು ಕೇವಲ 16 ಮತಗಳಿಂದ.

ನಿಮ್ಮ ವಿಷಯದಲ್ಲಿ ಇನ್ನೊಂದು ಮಾತಿದೆ. ಬೆಂಗಳೂರಿನಲ್ಲಿ ಹಳ್ಳಿಯ ಅಳತೆಗೆ ತುಸು ಹತ್ತಿರ ಬರುವುದು ವಾರ್ಡು. 2015ರ ಆಗಸ್ಟ್‌ನಲ್ಲಿ 198 ವಾರ್ಡುಗಳಿಂದ ಆರಿಸಿಬಂದ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು, ಅನಂತರ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಹಾಗಾಗಿ 2023ರಲ್ಲಿ ವಿಧಾನಸಭೆಗೆ, 2024ರಲ್ಲಿ ಲೋಕಸಭೆಗೆ ಮತ ಹಾಕಿದ ನಿಮಗೆ, ಚರಂಡಿ ಕಟ್ಟಿಕೊಂಡಾಗ ಬಂದು ನಿಲ್ಲುವವರು ಯಾರೆಂದು ನೋಡಿ ಆರಿಸುವ ಅವಕಾಶವನ್ನು ಆ ಎರಡೂ ಚುನಾವಣೆಗಳು ಕೊಡಲಿಲ್ಲ.