ಸುಪರ್ದಿ ವ್ಯಾಜ್ಯದಲ್ಲಿ ಧರ್ಮ: ಸೆಕ್ಷನ್ 6 ಮತ್ತು ಸೆಕ್ಷನ್ 17ನ್ನು ಬೆರೆಸದೆ ಓದುವುದು

ಗಂಡ ಹೆಂಡತಿ ಬೇರೆ ಬೇರೆ ಧರ್ಮದವರು, ಇಲ್ಲವೇ ಮದುವೆಯಾದ ಮೇಲೆ ಒಬ್ಬರು ಮತಾಂತರವಾದವರು. ವಿಚ್ಛೇದನವಾಯಿತು. ಮಗು ಯಾರ ಬಳಿ ಇರಬೇಕು, ಯಾವ ಧರ್ಮದಲ್ಲಿ ಬೆಳೆಯಬೇಕು? ಕೌಟುಂಬಿಕ ಕಾನೂನಿನ ಪತ್ರಿಕೆಯಲ್ಲಿ ಇಂಥ ಪ್ರಶ್ನೆ ಬಂದರೆ ಬಹಳಷ್ಟು ಜನ "ಮಗುವಿನ ಹಿತವೇ ಪರಮೋಚ್ಚ" ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳುತ್ತಾರೆ. ಸಾಲು ಸರಿಯೇ. ಅಂಕ ಬರುವುದು ಮಾತ್ರ ಆ ಸಾಲಿಗೆ ಯಾವ ದಾರಿಯಲ್ಲಿ ಬಂದಿರಿ ಎನ್ನುವುದಕ್ಕೆ.

ಯಾವ ಕಾಯ್ದೆಯಡಿ ಅರ್ಜಿ

ಇದನ್ನು ಬೇಗ ಮುಗಿಸೋಣ. ವಿಚ್ಛೇದನದ ಪ್ರಕರಣ ನಡೆಯುತ್ತಿದ್ದರೆ ಸುಪರ್ದಿಯನ್ನು, ಅಂದರೆ ಮಗು ತನ್ನ ಬಳಿ ಇರಬೇಕೆಂಬುದನ್ನು, ಅಲ್ಲೇ ಕೇಳಬಹುದು: ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 26, ವಿಶೇಷ ವಿವಾಹ ಕಾಯ್ದೆಯ ಸೆಕ್ಷನ್ 38, ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆಯ ಸೆಕ್ಷನ್ 41ರಿಂದ 44. ಪ್ರತ್ಯೇಕವಾಗಿ ಹೋಗುವುದಾದರೆ 1890ರ ಪಾಲಕರು ಮತ್ತು ಪಾಲಿತರ ಕಾಯ್ದೆ. ಇದು ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಮಗು ಸಾಮಾನ್ಯವಾಗಿ ವಾಸವಿರುವ ಊರಿನ ನ್ಯಾಯಾಲಯಕ್ಕೇ ಅಧಿಕಾರ (ಸೆಕ್ಷನ್ 9). ಕೌಟುಂಬಿಕ ನ್ಯಾಯಾಲಯ ಇರುವ ಕಡೆ ಅರ್ಜಿ ಅಲ್ಲಿಗೆ ಹೋಗುತ್ತದೆ.

ಅಂತರ್ಧರ್ಮೀಯ ಜೋಡಿಗಳಲ್ಲಿ ಹಲವರು ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಿರುತ್ತಾರೆ. ಹಾಗೆ ಮದುವೆಯಾದ ಮಾತ್ರಕ್ಕೆ ಯಾರ ಧರ್ಮವೂ ಬದಲಾಗುವುದಿಲ್ಲ. ಹುಟ್ಟುವ ಮಗು ಯಾವ ಧರ್ಮದ್ದು ಎಂದೂ ಆ ಕಾಯ್ದೆ ಹೇಳುವುದಿಲ್ಲ. ಜಗಳ ಹುಟ್ಟುವುದೇ ಈ ಮೌನದಲ್ಲಿ.

ಸೆಕ್ಷನ್ 17(2): ಯಾರ ಧರ್ಮ?

1890ರ ಕಾಯ್ದೆಯ ಈ ಉಪವಿಭಾಗವನ್ನು ನಿಧಾನವಾಗಿ ಓದಿ. ನ್ಯಾಯಾಲಯ ಗಮನಿಸಬೇಕಾದದ್ದು ಅಪ್ರಾಪ್ತರ ವಯಸ್ಸು, ಲಿಂಗ, ಧರ್ಮ. ಪಾಲಕರಾಗಲು ಬಂದವರ ನಡತೆ, ಸಾಮರ್ಥ್ಯ, ರಕ್ತಸಂಬಂಧದ ಹತ್ತಿರ. ತೀರಿಹೋದ ತಂದೆ ಅಥವಾ ತಾಯಿಯ ಇಚ್ಛೆ ಇದ್ದರೆ ಅದು. ಇಲ್ಲಿ "ಧರ್ಮ" ಮಗುವಿನ ಕಡೆಯ ಪಟ್ಟಿಯಲ್ಲಿದೆ, ಅರ್ಜಿದಾರರ ಕಡೆಯ ಪಟ್ಟಿಯಲ್ಲಿಲ್ಲ. "ತಾಯಿ ಬೇರೆ ಧರ್ಮದವಳು, ಆದ್ದರಿಂದ ಅನರ್ಹಳು" ಎಂಬ ವಾದಕ್ಕೆ ಈ ಸೆಕ್ಷನ್ನಿನಲ್ಲಿ ಜಾಗವಿಲ್ಲ. "ಮಗು ಇಷ್ಟು ವರ್ಷ ಹೀಗೆ ಬೆಳೆದಿದೆ, ಆ ಬೆಳವಣಿಗೆ ಈ ಮನೆಯಲ್ಲಿ ಮುಂದುವರಿಯುತ್ತದೆಯೇ?" ಎಂದು ಕೇಳುವುದಕ್ಕೆ ಜಾಗವಿದೆ. ಧರ್ಮ ಅಲ್ಲಿರುವ ಹಲವು ಅಂಶಗಳಲ್ಲಿ ಒಂದು ಅಷ್ಟೇ.

ಹಾಗಾದರೆ ಪುಟ್ಟ ಮಗುವಿನ ಧರ್ಮ ಯಾವುದು? ಹಳೆಯ ಉತ್ತರ: ತಂದೆಯದು. 1871ರಲ್ಲಿ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯ) ಸ್ಕಿನ್ನರ್ ವಿರುದ್ಧ ಆರ್ಡ್ ಪ್ರಕರಣದಲ್ಲಿ ಹೀಗೇ ಊಹಿಸಿ, ಇಸ್ಲಾಂ ಸ್ವೀಕರಿಸಿದ್ದ ವಿಧವೆ ತಾಯಿಯಿಂದ ಕ್ರೈಸ್ತ ತಂದೆಯ ಮಗಳನ್ನು ಬೇರ್ಪಡಿಸಿತು. 1956ರ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆಯ ಸೆಕ್ಷನ್ 3 ಬೇರೆ ದಾರಿ ಹಿಡಿಯಿತು: ತಂದೆ ತಾಯಿಯರಲ್ಲಿ ಒಬ್ಬರು ಹಿಂದೂ ಆಗಿದ್ದು, ಮಗು ಅವರ ಕುಟುಂಬದ ಅಥವಾ ಸಮುದಾಯದ ಸದಸ್ಯನಾಗಿ ಬೆಳೆದಿದ್ದರೆ ಮಗು ಹಿಂದೂ. ಹುಟ್ಟಿನ ಜೊತೆಗೆ ಬೆಳೆಸಿದ ರೀತಿಯೂ ಬೇಕು. ತಂದೆಯೇ ಆಗಬೇಕೆಂದಿಲ್ಲ.

1890ರ ಕಾಯ್ದೆಯ ಸೆಕ್ಷನ್ 10ರ ಪ್ರಕಾರ ಅರ್ಜಿಯಲ್ಲೇ ಮಗುವಿನ ಹೆಸರು, ಲಿಂಗ, ಧರ್ಮ, ಹುಟ್ಟಿದ ದಿನ, ವಾಸಸ್ಥಳ ಬರೆಯಬೇಕು. ಧರ್ಮದ ಕಾಲಂ ಖಾಲಿ ಬಿಡಬೇಡಿ, ಯೋಚಿಸದೆಯೂ ತುಂಬಬೇಡಿ. ಶಾಲಾ ದಾಖಲಾತಿಯಲ್ಲಿ ಒಂದು, ಅರ್ಜಿಯಲ್ಲಿ ಇನ್ನೊಂದು ಇದ್ದರೆ ಪಾಟೀಸವಾಲು ಅಲ್ಲಿಂದಲೇ ಶುರುವಾಗುತ್ತದೆ. ವಿವಾದವಿದ್ದರೆ ಒಂದು ಪದ ಬರೆದು ಬಿಡುವುದಕ್ಕಿಂತ, ಮಗು ಎರಡೂ ಮನೆಯ ಆಚರಣೆಗಳಲ್ಲಿ ಹೇಗೆ ಬೆಳೆದಿದೆ ಎಂಬ ಸಂಗತಿಯನ್ನು ಎರಡು ಸಾಲಿನಲ್ಲಿ ಬರೆಯುವುದು ಕ್ಷೇಮ.

ಸೆಕ್ಷನ್ 6: ಎಲ್ಲರೂ ಎಡವುವ ಜಾಗ

1956ರ ಕಾಯ್ದೆಯ ಸೆಕ್ಷನ್ 6ರಲ್ಲಿ ಎರಡು ಪರಂತುಗಳಿವೆ (ಪರಂತು ಎಂದರೆ ನಿಯಮಕ್ಕೆ ಜೋಡಿಸಿದ ಷರತ್ತು). ಎರಡನ್ನೂ ಒಂದೇ ಉಸಿರಿನಲ್ಲಿ ಓದಿದರೆ ಗೊಂದಲ ಗ್ಯಾರಂಟಿ.

ಮೊದಲನೆಯದು ಖಂಡ (ಎ) ಒಳಗಿದೆ: 5 ವರ್ಷ ತುಂಬದ ಮಗುವಿನ ಸುಪರ್ದಿ ಸಾಮಾನ್ಯವಾಗಿ ತಾಯಿಯದು. ಎರಡನೆಯದು ಕೊನೆಯಲ್ಲಿದೆ: ಹಿಂದೂ ಆಗಿ ಉಳಿಯದವರು, ಹಾಗೂ ಸಂಸಾರವನ್ನು ಪೂರ್ತಿ ತೊರೆದು ವಾನಪ್ರಸ್ಥ ಅಥವಾ ಸಂನ್ಯಾಸ ಸ್ವೀಕರಿಸಿದವರು ಸ್ವಾಭಾವಿಕ ಪಾಲಕರಾಗಿ (ಯಾರೂ ನೇಮಿಸದೆ, ಸಂಬಂಧದಿಂದಲೇ ಪಾಲಕರಾದವರಾಗಿ) ವರ್ತಿಸಲು ಅರ್ಹರಲ್ಲ. ಮೊದಲನೆಯದು ಮಾತಾಡುವುದು ಸುಪರ್ದಿಯ ಬಗ್ಗೆ, ಎರಡನೆಯದು ಪಾಲಕತ್ವದ ಬಗ್ಗೆ. ಸುಪರ್ದಿ ಎಂದರೆ ಮಗು ಯಾರ ಮನೆಯಲ್ಲಿದೆ, ದಿನದ ಆರೈಕೆ ಯಾರದು. ಪಾಲಕತ್ವ ಎಂದರೆ ಮಗುವಿನ ಪರವಾಗಿ ತೀರ್ಮಾನಿಸುವ, ಸಹಿ ಹಾಕುವ, ಆಸ್ತಿ ನೋಡಿಕೊಳ್ಳುವ ಕಾನೂನುಬದ್ಧ ಸ್ಥಾನ. ಎರಡೂ ಒಬ್ಬರ ಬಳಿಯೇ ಇರಬೇಕೆಂದಿಲ್ಲ. 2010ರ ಅಥರ್ ಹುಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಮುಸ್ಲಿಂ ಕಾನೂನಿನಂತೆ ತಂದೆ ಪಾಲಕನಾಗಿದ್ದರೂ ಸುಪರ್ದಿಯನ್ನು ಬೇರೆಯವರಿಗೆ ಕೊಡಲು ಅದು ಅಡ್ಡಿಯಲ್ಲ.

ಈಗ ಒಂದು ಲೆಕ್ಕ. ತಂದೆ ತಾಯಿ ಇಬ್ಬರೂ ಹಿಂದೂ, 3 ವರ್ಷದ ಮಗಳು. ತಾಯಿ ಕ್ರೈಸ್ತಳಾದಳು, ವಿಚ್ಛೇದನವೂ ಆಯಿತು. ಸೆಕ್ಷನ್ 6ರಿಂದಾಗಿ ಆಕೆ ಸುಪರ್ದಿ ಕಳೆದುಕೊಳ್ಳುತ್ತಾಳೆಯೇ? ಹೆಚ್ಚಿನ ಉತ್ತರಪತ್ರಿಕೆಗಳು ಹೌದು ಎನ್ನುತ್ತವೆ. ಪಠ್ಯ ಹಾಗೆನ್ನುವುದಿಲ್ಲ. ಕೊನೆಯ ಪರಂತು ಕಿತ್ತುಕೊಳ್ಳುವುದು ಸ್ವಾಭಾವಿಕ ಪಾಲಕತ್ವವನ್ನು ಮಾತ್ರ. 5 ವರ್ಷದ ಪರಂತುವನ್ನು ಅದು ಮುಟ್ಟುವುದಿಲ್ಲ. ಮಗಳು ಸಾಮಾನ್ಯವಾಗಿ ತಾಯಿಯ ಬಳಿಯೇ ಇರಬಹುದು. ಬೇಡವೆನ್ನುವವರು ಹಿತದ ಆಧಾರದ ಮೇಲೆ ತೋರಿಸಬೇಕು. ಮತಾಂತರವಾದದ್ದು ತಂದೆಯಾಗಿದ್ದರೆ? ಆತ ಸ್ವಾಭಾವಿಕ ಪಾಲಕನ ಸ್ಥಾನ ಕಳೆದುಕೊಳ್ಳುತ್ತಾನೆ, ಆ ಸ್ಥಾನ ತಾಯಿಗೆ ಬರುತ್ತದೆ. ಮಗುವಿನ ಭೇಟಿಯಾಗಲಿ ಸುಪರ್ದಿಯಾಗಲಿ ಕೇಳುವ ಹಕ್ಕು ಆತನಿಗೂ ಉಳಿಯುತ್ತದೆ. ಇನ್ನೂ ಒಂದು ಸೂಕ್ಷ್ಮ: ಸೆಕ್ಷನ್ 4ರಲ್ಲಿ ಪಾಲಕರೆಂದರೆ ಸ್ವಾಭಾವಿಕ ಪಾಲಕ, ಉಯಿಲಿನಿಂದ ನೇಮಕವಾದವರು, ನ್ಯಾಯಾಲಯ ನೇಮಿಸಿದವರು, ಕೋರ್ಟ್ ಆಫ್ ವಾರ್ಡ್ಸ್ (ಅಪ್ರಾಪ್ತರ ಆಸ್ತಿ ನೋಡಿಕೊಳ್ಳುವ ಸರ್ಕಾರಿ ವ್ಯವಸ್ಥೆ) ಕಾಯ್ದೆಗಳಡಿ ಅಧಿಕಾರ ಪಡೆದವರು. ಪರಂತು ಹೆಸರಿಸಿರುವುದು ಮೊದಲನೆಯವರನ್ನು ಮಾತ್ರ.

"ಹಿಂದೂ ಆಗಿ ಉಳಿಯದವರು" ಎಂಬಲ್ಲೂ ಮೂರು ಬಲೆಗಳಿವೆ.

ಒಂದು, ಇದು ಮೊದಲು ಹಿಂದೂ ಆಗಿದ್ದವರಿಗೆ. ಹುಟ್ಟಿನಿಂದಲೇ ಕ್ರೈಸ್ತನೋ ಮುಸಲ್ಮಾನನೋ ಆದ ಜೀವನಸಂಗಾತಿ "ಹಿಂದೂ ಆಗಿ ಉಳಿಯದವ" ಆಗಲಾರ. ಅಕ್ಷರಶಃ ಓದಿದರೆ ಪರಂತು ಆತನಿಗೆ ತಾಗುವುದಿಲ್ಲ.

ಎರಡು, ಈ ಕಾಯ್ದೆಯಲ್ಲಿ ಹಿಂದೂ ಎಂದರೆ ವೀರಶೈವ, ಲಿಂಗಾಯತ, ಆರ್ಯ ಸಮಾಜದವರೂ ಸೇರಿ. ಬೌದ್ಧ, ಜೈನ, ಸಿಖ್ಖರಿಗೂ ಕಾಯ್ದೆ ಅನ್ವಯ. ಬೌದ್ಧ ಧರ್ಮ ಸ್ವೀಕರಿಸಿದ ತಂದೆಗೆ ಈ ಪರಂತು ತೋರಿಸಿ ಹೆದರಿಸುವಂತಿಲ್ಲ.

ಮೂರು, ಮತಾಂತರವನ್ನು ಸಾಬೀತುಪಡಿಸಬೇಕು. ಮತಾಂತರಕ್ಕೆ ಪ್ರಾಮಾಣಿಕ ಉದ್ದೇಶವೂ ಅದನ್ನು ಸ್ಪಷ್ಟವಾಗಿ ತೋರುವ ನಡವಳಿಕೆಯೂ ಬೇಕು ಎಂದು 1970ರ ಪೆರುಮಾಳ್ ನಾಡಾರ್ ಪ್ರಕರಣ ಹೇಳುತ್ತದೆ. ಅಲ್ಲಿದ್ದದ್ದು ಹಿಂದೂ ಧರ್ಮಕ್ಕೆ ಬಂದವರ ಪ್ರಶ್ನೆ. ಹೊರಗೆ ಹೋದವರ ವಿಷಯದಲ್ಲೂ ಅದೇ ಅಳತೆ ಹಿಡಿಯುವುದು ನ್ಯಾಯ. ಚರ್ಚಿಗೆ ಹೋದ, ದರ್ಗಾದಲ್ಲಿ ಸಕ್ಕರೆ ಓದಿಸಿದ ಫೋಟೋ ಸಾಲದು. ನಮ್ಮ ಊರುಗಳಲ್ಲಿ ದರ್ಗಾದ ಮುಂದೆ ನಿಲ್ಲುವವರಲ್ಲಿ ಹಲವರು ಹಿಂದೂಗಳೇ.

ಇಷ್ಟಾದ ಮೇಲೂ ಸೆಕ್ಷನ್ 13 ಎಲ್ಲದರ ತಲೆಯ ಮೇಲಿದೆ: ಹಿತಕ್ಕೆ ವಿರುದ್ಧವೆಂದು ನ್ಯಾಯಾಲಯಕ್ಕೆ ಕಂಡರೆ ಈ ಕಾಯ್ದೆಯ ಬಲದಿಂದ ಯಾರಿಗೂ ಪಾಲಕತ್ವದ ಹಕ್ಕಿಲ್ಲ. ಉತ್ತರ ಬರೆಯುವಾಗ ಮೊದಲು 6, ನಂತರ 17(2), ಕೊನೆಗೆ 13. ಈ ಕ್ರಮ ತಲೆಕೆಳಗಾದರೆ ವಾದ ನಿಲ್ಲುವುದಿಲ್ಲ.

ಸಾಕ್ಷ್ಯ

ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ ಸೆಕ್ಷನ್ 14 ಸಾಕ್ಷ್ಯದ ನಿಯಮಗಳನ್ನು ಸಡಿಲಿಸಿದೆ, ಹಾಗಾಗಿ ಜನ ವಾಟ್ಸ್ಆ್ಯಪ್ ಸ್ಟೇಟಸ್‌ಗಳ ಕಂತೆಯನ್ನೇ ಹಾಜರುಪಡಿಸುತ್ತಾರೆ. ದಾಖಲೆಯನ್ನು ಸ್ವೀಕರಿಸುವುದು ಬೇರೆ, ಅದಕ್ಕೆ ತೂಕ ಕೊಡುವುದು ಬೇರೆ. ಮತದ ಶ್ರೇಷ್ಠತೆಯನ್ನು ಅಳೆಯುವುದು ನ್ಯಾಯಾಧೀಶರ ಕೆಲಸವಲ್ಲ. ಆಚರಣೆಯಿಂದ ಮಗುವಿಗೆ ಏನಾಗುತ್ತಿದೆ ಎಂಬುದನ್ನು ತೋರಿಸಬೇಕು: ಪ್ರಾರ್ಥನಾ ಶಿಬಿರಕ್ಕಾಗಿ ತಿಂಗಳಲ್ಲಿ ಹಲವು ದಿನ ಶಾಲೆ ತಪ್ಪಿದ್ದರೆ ಹಾಜರಿ ಪುಸ್ತಕ, ಉಪವಾಸದಿಂದ ಕಾಯಿಲೆಯಾಗಿದ್ದರೆ ವೈದ್ಯರ ಚೀಟಿ, "ನಿನ್ನ ಅಮ್ಮ ನರಕಕ್ಕೆ ಹೋಗುತ್ತಾಳೆ" ಎಂದು ಹೇಳಿಕೊಡುತ್ತಿದ್ದರೆ ಆಪ್ತಸಮಾಲೋಚಕರ ವರದಿ. ಮೂರನೆಯದೇ ಬಹಳ ಸಲ ಗಟ್ಟಿ. ಅಲ್ಲಿ ದೂರು ಧರ್ಮದ ಮೇಲಲ್ಲ, ಮಗುವಿನ ಮನಸ್ಸಿನಲ್ಲಿ ಇನ್ನೊಬ್ಬರ ಬಗ್ಗೆ ದ್ವೇಷ ಬಿತ್ತುವುದರ ಮೇಲೆ. ತಿಳಿವಳಿಕೆ ಬಂದ ಮಗುವಾದರೆ 1890ರ ಕಾಯ್ದೆಯ ಸೆಕ್ಷನ್ 17(3)ರಂತೆ ಅದರ ಇಷ್ಟವನ್ನೂ ಪರಿಗಣಿಸಬಹುದು. ನ್ಯಾಯಾಧೀಶರು ಕೊಠಡಿಗೆ ಕರೆದು ಮಾತಾಡಿಸುವುದುಂಟು. ಕಲಿಸಿ ಕಳಿಸಿದ ಉತ್ತರ ಎರಡನೆಯ ಪ್ರಶ್ನೆಗೇ ಬಿಚ್ಚಿಕೊಳ್ಳುತ್ತದೆ.

ರಾಜಿ ಪತ್ರದಲ್ಲಿ ಬರೆಸಬೇಕಾದದ್ದು

"ಇಬ್ಬರೂ ಪರಸ್ಪರರ ಧರ್ಮವನ್ನು ಗೌರವಿಸತಕ್ಕದ್ದು" ಎಂಬ ಸಾಲಿನಿಂದ ಏನೂ ಜಾರಿಯಾಗುವುದಿಲ್ಲ. ಹಿಂತಿರುಗಿಸಲಾಗದ ವಿಧಿಗಳನ್ನು ಹೆಸರು ಹಿಡಿದು ಬರೆಯಿರಿ: ಸುನ್ನತಿ, ದೀಕ್ಷಾಸ್ನಾನ, ಉಪನಯನ, ಹೆಸರು ಬದಲಾವಣೆ. ಇವಕ್ಕೆ ಇಬ್ಬರ ಲಿಖಿತ ಒಪ್ಪಿಗೆ ಅಥವಾ ನ್ಯಾಯಾಲಯದ ಅನುಮತಿ. ಹಬ್ಬದ ಭೇಟಿಗೆ ಕ್ಯಾಲೆಂಡರ್ ದಿನಾಂಕ ಹಾಕಬೇಡಿ. ಈಸ್ಟರ್, ಯುಗಾದಿ ವರ್ಷವರ್ಷ ಜರುಗುತ್ತವೆ; ರಂಜಾನ್ ಹಬ್ಬ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ, ಚಂದ್ರದರ್ಶನದಿಂದ ಒಂದು ದಿನ ಹೆಚ್ಚುಕಡಿಮೆಯೂ ಆಗುತ್ತದೆ. "ಹಬ್ಬದ ಹಿಂದಿನ ಸಂಜೆ 5ರಿಂದ ಹಬ್ಬದ ರಾತ್ರಿ 8ರವರೆಗೆ" ಎಂದು ಬರೆದು, ಯಾರು ಕರೆದೊಯ್ದು ಯಾರು ಬಿಡಬೇಕು ಎಂಬುದನ್ನೂ ಸೇರಿಸಿ. ಮಾಂಸಾಹಾರದ ವಿಷಯ ಸಣ್ಣದೆಂದು ಬಿಟ್ಟರೆ ಭೇಟಿಯಿಂದ ಮರಳಿದ ಪ್ರತಿ ಭಾನುವಾರವೂ ಅದೇ ಜಗಳ.

ಶಾಲೆಯ ಬಗ್ಗೆ ಸಂವಿಧಾನದ 28(3)ನೇ ವಿಧಿ ನೆನಪಿರಲಿ: ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆ ಅಪ್ರಾಪ್ತ ವಿದ್ಯಾರ್ಥಿಯನ್ನು ಧಾರ್ಮಿಕ ಬೋಧನೆಗೆ ಕೂರಿಸಲು ಪಾಲಕರ ಒಪ್ಪಿಗೆ ಬೇಕು. ಸುಪರ್ದಿ ಒಬ್ಬರದು, ಪಾಲಕತ್ವ ಇನ್ನೊಬ್ಬರದಾದರೆ ಆ ಸಹಿ ಯಾರದು ಎಂಬುದನ್ನು ಮೊದಲೇ ಬರೆಸಿ.

ದಾಖಲೆಯ ಧರ್ಮ, ಜಾತಿ ಕಾಲಂ ಬದಲಿಸುವ ಮುನ್ನ ಜಾತಿ ಪ್ರಮಾಣಪತ್ರದ ಗತಿ ಯೋಚಿಸಬೇಕು. 1950ರ ಸಂವಿಧಾನ (ಪರಿಶಿಷ್ಟ ಜಾತಿಗಳು) ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧ ಧರ್ಮದವರಿಗೆ ಮಾತ್ರ ಪರಿಶಿಷ್ಟ ಜಾತಿಯ ಸ್ಥಾನ. ಅಂತರ್ಜಾತಿ ಮದುವೆಯ ಮಗುವಿಗೆ ತಂದೆಯ ಜಾತಿ ಎಂಬುದು ಊಹೆ ಮಾತ್ರ, ತಾಯಿಯ ಸಮುದಾಯದಲ್ಲೇ ಬೆಳೆದದ್ದನ್ನು ತೋರಿಸಿ ಅದನ್ನು ಅಲ್ಲಗಳೆಯಬಹುದು ಎಂದು 2012ರ ರಮೇಶಭಾಯಿ ನಾಯ್ಕಾ ತೀರ್ಪು ಹೇಳಿದೆ.

ಉಳಿದದ್ದು ಚುಟುಕಾಗಿ

ಹಿಜಾನತ್ (ಮುಸ್ಲಿಂ ಕಾನೂನಿನಲ್ಲಿ ತಾಯಿಗಿರುವ ಸುಪರ್ದಿಯ ಹಕ್ಕು): ಸುನ್ನಿಗಳ ಹನಫಿ ಪದ್ಧತಿಯಲ್ಲಿ ಗಂಡುಮಗು 7 ವರ್ಷದವರೆಗೆ, ಹೆಣ್ಣುಮಗು ಪ್ರೌಢಾವಸ್ಥೆಯವರೆಗೆ ತಾಯಿಯ ಬಳಿ, ಶಿಯಾ ಪದ್ಧತಿಯಲ್ಲಿ ಕ್ರಮವಾಗಿ 2 ಮತ್ತು 7 ವರ್ಷ. ವ್ಯಾಜ್ಯ 1890ರ ಕಾಯ್ದೆಯಡಿ ಬಂದರೆ ಇಲ್ಲೂ ಹಿತವೇ ಅಂತಿಮ.

ಯಾತ್ರೆ, ಉಮ್ರಾ: ನ್ಯಾಯಾಲಯವೇ ನೇಮಿಸಿದ ಪಾಲಕರು ಅನುಮತಿಯಿಲ್ಲದೆ ಮಗುವನ್ನು ಅದರ ಅಧಿಕಾರವ್ಯಾಪ್ತಿಯಿಂದ ಹೊರಗೆ ಕರೆದೊಯ್ಯುವಂತಿಲ್ಲ (1890ರ ಕಾಯ್ದೆಯ ಸೆಕ್ಷನ್ 26).

ಸುಪರ್ದಿ ಆದೇಶ ಶಾಶ್ವತವಲ್ಲ, ಪರಿಸ್ಥಿತಿ ಬದಲಾದರೆ ಬದಲಿಸಬಹುದು: ಸುಪ್ರೀಂ ಕೋರ್ಟಿನ ರೋಸಿ ಜೇಕಬ್ ತೀರ್ಪು, 1973. ಆದೇಶದ ನಂತರ ಒಬ್ಬರು ಮತಾಂತರವಾದರೆ ಅರ್ಜಿ ಹಾಕಲು ಅದು ಕಾರಣವಾಗಬಹುದು; ಗೆಲ್ಲಲು ಅದೊಂದೇ ಸಾಲದು. ಕೌಟುಂಬಿಕ ನ್ಯಾಯಾಲಯದ ಅಂತಿಮ ಆದೇಶದ ಮೇಲೆ ಹೈಕೋರ್ಟಿಗೆ ಮೇಲ್ಮನವಿಗೆ 30 ದಿನ.