ಕೋಡಿಯಾಚೆಯ ಕಾಲುವೆ

ಕೆರೆ ಹೂಳೆತ್ತಬೇಕೆಂದು ಬರುವ ಪಂಚಾಯಿತಿ ಸದಸ್ಯರಿಗೆ ನಾನು ಮೊದಲು ಕೇಳುವುದು ಒಂದೇ: ನಿಮ್ಮ ಕೋಡಿ ನೀರು ಯಾವ ಊರಿಗೆ ಹೋಗುತ್ತದೆ? ಕೋಲಾರ ಸೀಮೆಯಲ್ಲಿ ಒಂಟಿ ಕೆರೆ ಅಪರೂಪ. ಮೇಲಿನ ಕೆರೆ ಕೋಡಿ ಹರಿದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆ ಸೇರುತ್ತದೆ, ಅಲ್ಲಿಂದ ಇನ್ನೊಂದಕ್ಕೆ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಗೆ ಬಂತಲ್ಲ, ಅದು ಮುಂದಿನ ಕೆರೆಗಳಿಗೆ ಹರಿದದ್ದೂ ಈ ಹಳೆಯ ಸರಪಳಿಯಲ್ಲೇ.

ಕೆರೆಗೆ ವಾರಸುದಾರರಿದ್ದಾರೆ. ಅಚ್ಚುಕಟ್ಟು, ಅಂದರೆ ಕೆರೆ ನೀರುಣ್ಣುವ ಜಮೀನು, 40 ಹೆಕ್ಟೇರ್ ದಾಟಿದರೆ ಸಣ್ಣ ನೀರಾವರಿ ಇಲಾಖೆ, ಅದಕ್ಕಿಂತ ಕಡಿಮೆಯಿದ್ದರೆ ಪಂಚಾಯಿತಿಗಳು. ನಡುವಿನ ಕಾಲುವೆಗೆ ಮಾತ್ರ ಹೇಳುವವರೂ ಇಲ್ಲ, ಕೇಳುವವರೂ ಇಲ್ಲ.

ಒಮ್ಮೆ ಮೇಲಿನ ಪಂಚಾಯಿತಿಯೊಂದು ತನ್ನ ಪಾಲಿನ ಕಾಲುವೆಯನ್ನು ಜೆಸಿಬಿ ತರಿಸಿ ಚೊಕ್ಕಟವಾಗಿ ತೆಗೆಸಿತು. ಅಂದಾಜು ಪಟ್ಟಿ ಮಾಡಿಕೊಟ್ಟವನು ನಾನೇ. ಗಡಿಯಾಚೆ ಕಾಲುವೆ ತುಂಬ ಬಳ್ಳಾರಿ ಜಾಲಿ, ಮೋರಿಯ ಬಾಯಿಗೆ ಪ್ಲಾಸ್ಟಿಕ್. ಅಕ್ಟೋಬರ್ ಮಳೆಯಲ್ಲಿ ನೀರು ಓಡಿ ಬಂದು ಮೋರಿಯಲ್ಲಿ ಕಟ್ಟಿಕೊಂಡು ಕೆಳಗಿನವರ ಟೊಮೆಟೊ ತೋಟಕ್ಕೆ ನುಗ್ಗಿತು. ಸಿಟ್ಟಿಗೆದ್ದ ಜನ ಮರುದಿನ ಕಾಲುವೆಗೇ ಮಣ್ಣು ಸುರಿದರು. ಅವರದು ತಪ್ಪು ಎನ್ನಲು ನನಗೆ ಬಾಯಿ ಬರಲಿಲ್ಲ. ಅಂದಿನಿಂದ, ಕೆಲಸ ಕೆಳಗಿನ ಕೆರೆಯಿಂದಲೇ ಶುರುವಾಗಿ ಮೇಲಕ್ಕೆ ಬರಬೇಕು ಎಂದು ಹಟ ಹಿಡಿಯುತ್ತೇನೆ.

ಆಮೇಲೆ ಎರಡೂ ಪಂಚಾಯಿತಿಯವರನ್ನು ಕೂರಿಸಿ ಗ್ರಾಮನಕ್ಷೆಗಳನ್ನು ಅಂಚಿಗೆ ಅಂಚು ಕೂಡಿಸಿ ನೆಲದ ಮೇಲೆ ಹಾಸಿದೆವು. ಎರಡರಲ್ಲೂ ಕಾಲುವೆ ಅಗಲವಾಗಿಯೇ ಇತ್ತು. ಸ್ಥಳಕ್ಕೆ ಹೋದರೆ ರಾಗಿ ಹೊಲದ ಬದುವಿನ ಪಕ್ಕ ಒಂದು ಮೊಳದ ತಗ್ಗು, ಅಷ್ಟೇ. ಸರ್ವೆ ಮಾಡಿಸಿ ಕಲ್ಲು ನೆಡಿಸದೆ ಇಂಥ ಕಡೆ ಯಂತ್ರ ಇಳಿಸಬೇಡಿ, ಜಗಳ ಖಂಡಿತ.

ಕೋಡಿಯ ಮಟ್ಟವನ್ನೂ ಎರಡೂ ಪಂಚಾಯಿತಿಗಳ ಠರಾವಿನಲ್ಲಿ ಬರೆಸಿ. ಮೇಲಿನವರು ಕೋಡಿ ಮೇಲೆ ಒಂದು ಸಾಲು ಮರಳುಚೀಲ ಇಟ್ಟರೆ ಸಾಕು, ಮಳೆ ಕಡಿಮೆಯಾದ ವರ್ಷ ಕೆಳಗಿನ ಕೆರೆಗೆ ಹನಿ ನೀರೂ ಇಳಿಯುವುದಿಲ್ಲ. ನಾವು ಆ ಮಟ್ಟವನ್ನು ಏರಿಯ ಮೇಲಿನ ಗುಡಿಯ ಮೆಟ್ಟಿಲಿನಿಂದ ಅಳೆದು, ಕೋಡಿ ಪಕ್ಕದ ಬಂಡೆಯಲ್ಲಿ ಉಳಿಯಿಂದ ಗೀರು ಹಾಕಿಸಿದೆವು. ಓದು ಬಾರದವರಿಗೂ ಅದು ಕಾಣುತ್ತದೆ.

ನಿರ್ವಹಣೆಗೆ ದೊಡ್ಡ ಹಣ ಬೇಕಿಲ್ಲ. ಅಲ್ಲಿ ಎರಡೂ ಪಂಚಾಯಿತಿಯವರು ಸೇರಿ ಕಾಲುವೆ ನೋಡಿಕೊಳ್ಳಲು ಒಬ್ಬ ನೀರುಗಂಟಿಯನ್ನು ಇಟ್ಟುಕೊಂಡಿದ್ದಾರೆ, ಕೂಲಿ ಅರ್ಧರ್ಧ. ಹಿಂಗಾರಿಗೆ ಮೊದಲು ಆತ ಕುಡುಗೋಲು ಹಿಡಿದು ಕಾಲುವೆಯುದ್ದ ನಡೆಯುತ್ತಾನೆ, ಎರಡೂ ಕಡೆಯ ಸದಸ್ಯರು ಅವನ ಹಿಂದೆ.