ಹಳೇ ಕಾರಿನಲ್ಲಿ ಎರಡು ಹೊಸ ಕ್ಲಾಂಪು

ಹಾಸನದಿಂದ ಅಣ್ಣನ ಮಗ ಫೋನ್ ಮಾಡಿದ. "ಚಿಕ್ಕಪ್ಪ, ಒಂದು ಟರ್ಬೊ ಪೆಟ್ರೋಲ್ ಗಾಡಿ ಸಿಕ್ಕಿದೆ. ಪಿಕಪ್ ಅಂದ್ರೆ ಪಿಕಪ್. ನೀವು ಒಂದ್ಸಲ ಬಂದು ನೋಡಿಬಿಡಿ" ಎಂದ. ಭಾನುವಾರ ಬೆಳಿಗ್ಗೆ ಚಿಕ್ಕಮಗಳೂರಿನಿಂದ ಬೇಲೂರು ದಾರಿಯಲ್ಲಿ ಹೊರಟೆ. ಜೊತೆಗೆ ನಮ್ಮ ಮನೆ ಗಾಡಿಗಳನ್ನು ನೋಡಿಕೊಳ್ಳುವ ಮೆಕ್ಯಾನಿಕ್ ಇದ್ದರು. ಅವರ ಚೀಲದಲ್ಲಿ ಸ್ಕ್ಯಾನರ್, ಪ್ಲಗ್ ಸ್ಪ್ಯಾನರ್, ಕಂಪ್ರೆಷನ್ ಗೇಜ್, ಮೊಬೈಲಿಗೆ ಸಿಕ್ಕಿಸುವ ತೆಳು ಕ್ಯಾಮೆರಾ.

ಗಾಡಿ ನೋಡಲು ಚೆನ್ನಾಗಿಯೇ ಇತ್ತು. ಕೆಎ-18 ನಂಬರಿನ ಸಣ್ಣ ಹ್ಯಾಚ್‌ಬ್ಯಾಕ್, ನಾಲ್ಕು ಸಿಲಿಂಡರ್, ಎಂಟು ವರ್ಷ ಹಳೆಯದು. "ಸ್ಟಾಕ್ ಗಾಡಿ ಸಾರ್, ಒಂದು ಸ್ಕ್ರೂ ಕೂಡ ಮುಟ್ಟಿಲ್ಲ" ಎಂದರು ಮಾರುವವರು. ಮೆಕ್ಯಾನಿಕ್ ಬಾನೆಟ್ ಎತ್ತಿ, ಮಾತಾಡದೆ ಒಂದು ಕಡೆ ಬೆರಳು ತೋರಿಸಿದರು. ಟರ್ಬೊದಿಂದ ಗಾಳಿ ಒಯ್ಯುವ ರಬ್ಬರ್ ಹೋಸ್ ಅದು. ಉಳಿದ ಎಲ್ಲ ಕಡೆ ಕಂಪನಿಯವರು ಹಾಕಿದ ಸ್ಪ್ರಿಂಗ್ ಕ್ಲಾಂಪು, ಎಂಟು ವರ್ಷದ ಧೂಳು. ಇಲ್ಲಿ ಮಾತ್ರ ಫಳಫಳ ಹೊಳೆಯುವ ಎರಡು ಸ್ಕ್ರೂ ಕ್ಲಾಂಪು. ಪಕ್ಕದಲ್ಲೇ ರಬ್ಬರಿನ ಮೇಲೆ ಇನ್ನೊಂದು ಹಳೇ ಅಚ್ಚು. ಅಲ್ಲಿ ಬೇರೆ ಏನನ್ನೋ ಕೂರಿಸಿ, ಆಮೇಲೆ ತೆಗೆದಿದ್ದಾರೆ.

ನಮ್ಮ ಕಡೆ ಇದು ಅಪರೂಪವಲ್ಲ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣು ರಸ್ತೆಯಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿಯ ಸುತ್ತುಗಳೇ ನಡೆದಿವೆ. ವೇಗದ ಗಾಡಿ ಅಂದರೆ ಇಲ್ಲಿನ ಹುಡುಗರಿಗೆ ಬಾಲ್ಯದಿಂದ ಪ್ರೀತಿ. ಅದರಲ್ಲಿ ತಪ್ಪೇನೂ ಇಲ್ಲ. ಎಂಜಿನ್‌ಗೆ ಜಾಸ್ತಿ ಶಕ್ತಿ ಹಾಕಿಸಿ, ನಾಲ್ಕು ವರ್ಷ ಘಾಟಿಯಲ್ಲಿ ಓಡಿಸಿ, ಮಾರುವ ಹಿಂದಿನ ವಾರ ಎಲ್ಲ ತೆಗೆಸಿ "ಸ್ಟಾಕ್" ಅಂತ ಹೇಳುವುದು ಮಾತ್ರ ಮೋಸ.

ಟರ್ಬೊ ಹುಟ್ಟಿ ಬೆಳೆದ ಕಥೆಗೂ ಬೆಟ್ಟಕ್ಕೂ ನಂಟಿದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಒಂದು ವಿಮಾನದ ಎಂಜಿನ್ನನ್ನು ಸುಮಾರು 4,300 ಮೀಟರ್ ಎತ್ತರದ ಪೈಕ್ಸ್ ಪೀಕ್ ಬೆಟ್ಟದ ತುದಿಗೆ ಸಾಗಿಸಿ ಪರೀಕ್ಷೆ ಮಾಡಿದರು. ಕೆಳಗೆ ಸುಮಾರು 350 ಕುದುರೆ ಶಕ್ತಿ ಕೊಡುತ್ತಿದ್ದ ಎಂಜಿನ್ ಮೇಲೆ 230ಕ್ಕೆ ಇಳಿದಿತ್ತು. ಟರ್ಬೊ ಹಾಕಿದ ಮೇಲೆ ಮತ್ತೆ 350 ದಾಟಿತು. ಎತ್ತರ ಹೋದಂತೆ ಗಾಳಿ ತೆಳುವಾಗುತ್ತದೆ. ಆ ತೆಳು ಗಾಳಿಯನ್ನು ಒತ್ತಿ ಒಳಗೆ ತುರುಕುವುದೇ ಟರ್ಬೊದ ಕೆಲಸ. ಹೊಗೆ ಹೊರಗೆ ಹೋಗುವ ರಭಸಕ್ಕೆ ಒಂದು ಚಕ್ರ ತಿರುಗುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತುತ್ತದೆ. ಸಣ್ಣ ಕಾರುಗಳಲ್ಲಿ ಇದು ನಿಮಿಷಕ್ಕೆ 2 ಲಕ್ಷ ಸುತ್ತಿನ ಹತ್ತಿರ ಹೋಗುವುದೂ ಉಂಟು.

ಎಷ್ಟು ಒತ್ತಬೇಕು, ಎಷ್ಟು ಪೆಟ್ರೋಲ್ ಚಿಮ್ಮಬೇಕು, ಕಿಡಿ ಯಾವಾಗ ಹಾರಬೇಕು ಎನ್ನುವ ಅಂಕಿಗಳ ಪಟ್ಟಿ ಇಸಿಯು ಎಂಬ ಕಂಪ್ಯೂಟರ್ ಒಳಗಿದೆ. ಆ ಅಂಕಿಗಳನ್ನು ಬದಲಿಸುವುದೇ ರೀಮ್ಯಾಪ್. ಲ್ಯಾಪ್‌ಟಾಪ್ ಸಿಕ್ಕಿಸಿದರೆ ಕೆಲವೇ ಹೊತ್ತಿನ ಕೆಲಸ, ವಾಪಸ್ ಹಾಕುವುದೂ ಅಷ್ಟೇ ಸುಲಭ. ಕಣ್ಣಿಗೆ ಏನೂ ಕಾಣುವುದಿಲ್ಲ. ಆದರೆ ವಾಪಸ್ ಹೋಗುವುದು ಅಂಕಿ ಮಾತ್ರ. ಲೋಹ ಅನುಭವಿಸಿದ್ದು ಲೋಹದಲ್ಲೇ ಉಳಿಯುತ್ತದೆ.

ಒಂದು ಲೆಕ್ಕ ಹಾಕೋಣ. ಪಿಸ್ಟನ್ ತಲೆಯ ಅಗಲ 75 ಮಿಲಿಮೀಟರ್, ಪೆಟ್ರೋಲ್ ಉರಿದಾಗ ಒಳಗಿನ ಒತ್ತಡ 80 ಬಾರ್, ಅಂದರೆ ಹೊರಗಿನ ಗಾಳಿಯ ಒತ್ತಡದ ಸುಮಾರು 80 ಪಟ್ಟು ಅಂದುಕೊಳ್ಳಿ. ಆ ಪುಟ್ಟ ತಟ್ಟೆಯ ಮೇಲೆ ಬೀಳುವ ಭಾರ ಸುಮಾರು ಮೂರೂವರೆ ಟನ್. ರೀಮ್ಯಾಪ್ ಮಾಡಿ ಒತ್ತಡವನ್ನು 20 ಶೇಕಡಾ ಏರಿಸಿದರೆ ಇನ್ನೂ 700 ಕಿಲೋ, ಅಂದರೆ 50 ಕಿಲೋದ 14 ಕಾಫಿ ಮೂಟೆ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ, ಎರಡು ಸುತ್ತಿಗೊಮ್ಮೆಯಂತೆ, ಈ ಏಟು ಒಂದೊಂದು ಪಿಸ್ಟನ್‌ಗೂ ಸೆಕೆಂಡಿಗೆ 25 ಸಲ ಬೀಳುತ್ತದೆ. ಎಂಜಿನ್ ಮಾಡಿದವರು ಸ್ವಲ್ಪ ಜಾಸ್ತಿ ತಡೆಯುವಂತೆಯೇ ಮಾಡಿರುತ್ತಾರೆ, ನಿಜ. ಆದರೆ ಅದು ಬೇಸಿಗೆಯ ಬಿಸಿಗೆ, ಕೆಟ್ಟ ಪೆಟ್ರೋಲಿಗೆ ಅಂತ ಬಿಟ್ಟ ಜಾಗ.

ಪೆಟ್ರೋಲಿನದ್ದೇ ಇನ್ನೊಂದು ಗೋಳು. ಕಿಡಿಯಿಂದ ಹೊರಟ ಬೆಂಕಿ ಸಿಲಿಂಡರ್ ಪೂರ್ತಿ ಹರಡುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ಒತ್ತಡಕ್ಕೆ ತಾನಾಗಿ ಸಿಡಿದರೆ ಅದು ನಾಕಿಂಗ್. ಆಗ ಒಳಗೆ ಸುತ್ತಿಗೆಯಿಂದ ಬಡಿದ ಹಾಗೆ ಏಟು. ಆಕ್ಟೇನ್ ಜಾಸ್ತಿ ಇದ್ದಷ್ಟೂ ಪೆಟ್ರೋಲ್ ಹೀಗೆ ಸಿಡಿಯದೆ ತಾಳಿಕೊಳ್ಳುತ್ತದೆ. ಟ್ಯೂನ್ ಮಾಡಿದವರು ದೊಡ್ಡ ಊರಿನ ಆಯ್ದ ಬಂಕಿನಲ್ಲಿ ಸಿಗುವ 97 ಆಕ್ಟೇನ್ ಪೆಟ್ರೋಲಿಗೆ ಅಂಕಿ ಹೊಂದಿಸಿರುತ್ತಾರೆ. ಓಡಿಸುವವರು ಮೂಡಿಗೆರೆಯಲ್ಲೋ ಕೊಪ್ಪದಲ್ಲೋ ಸಿಕ್ಕಿದ್ದನ್ನು ತುಂಬಿಸುತ್ತಾರೆ. ಎಂಜಿನ್ ಮೈಗೆ ಕೂರಿಸಿದ ನಾಕ್ ಸೆನ್ಸರ್ ಆ ಸದ್ದು ಕೇಳಿ ಕಿಡಿಯನ್ನು ತಡಮಾಡಿ ಕಾಪಾಡಲು ನೋಡುತ್ತದೆ. ಎಷ್ಟು ಸಲ ಅಂತ ಕಾಪಾಡೀತು?

ಎತ್ತರವೂ ಸೇರಿಕೊಂಡರೆ ಟರ್ಬೊಗೆ ಎರಡು ಪಟ್ಟು ಕಷ್ಟ. ಒಳಗೆ 2 ಬಾರ್ ಒತ್ತಡ ಬೇಕು ಅಂದುಕೊಳ್ಳಿ. ಮಂಗಳೂರಿನಲ್ಲಿ ಹೊರಗಿನ ಗಾಳಿಯೇ 1 ಬಾರ್ ಇರುವುದರಿಂದ ಎರಡು ಪಟ್ಟು ಒತ್ತಿದರೆ ಸಾಕು. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಲ್ಲಿ ಗಾಳಿ 0.8 ಬಾರ್‌ನಷ್ಟೇ. ಅಲ್ಲಿ ಎರಡೂವರೆ ಪಟ್ಟು ಒತ್ತಬೇಕು, ಚಕ್ರ ಇನ್ನೂ ಜೋರಾಗಿ ತಿರುಗಬೇಕು. ಕಂಪನಿಯ ಅಂಕಿಗಳು ಎತ್ತರಕ್ಕೆ ತಕ್ಕಂತೆ ತಾವಾಗಿ ತಗ್ಗುತ್ತವೆ. ಕಡಿಮೆ ದುಡ್ಡಿನ ರೀಮ್ಯಾಪ್‌ಗಳಲ್ಲಿ ಈ ಕಾಳಜಿ ಇದ್ದೇ ಇರುತ್ತದೆ ಅನ್ನುವ ಹಾಗಿಲ್ಲ. ಹಾಗಾಗಿ ಘಾಟಿಯಲ್ಲಿ ಓಡಿದ ಟ್ಯೂನ್ ಗಾಡಿಯನ್ನು ನಾನು ಬಯಲುಸೀಮೆಯ ಗಾಡಿಗಿಂತ ಜಾಸ್ತಿ ಅನುಮಾನದಿಂದಲೇ ನೋಡುತ್ತೇನೆ.

ಮೆಕ್ಯಾನಿಕ್ ಸ್ಕ್ಯಾನರ್ ಹಾಕಿದರು. ಎರರ್ ಕೋಡ್ ಒಂದೂ ಇಲ್ಲ. ಮಾರುವವರ ಮುಖ ಅರಳಿತು. ಕೋಡ್ ಅಳಿಸಿದ ಮೇಲೆ ಗಾಡಿ ಎಷ್ಟು ದೂರ ಓಡಿದೆ ಅನ್ನುವುದನ್ನೂ ಇಸಿಯು ಬರೆದಿಟ್ಟಿರುತ್ತದೆ. ಇಲ್ಲಿ 14 ಕಿಲೋಮೀಟರ್ ಅಂತ ಬಂತು. ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್, ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಮುಂತಾದವನ್ನು ಇಸಿಯು ತಾನೇ ಪರೀಕ್ಷಿಸಿಕೊಳ್ಳುತ್ತದಲ್ಲ, ಆ ಪರೀಕ್ಷೆಗಳೂ "ಮುಗಿದಿಲ್ಲ" ಎಂದೇ ತೋರಿಸಿದವು. ಇಷ್ಟಕ್ಕೇ ಮೋಸ ಅನ್ನಲಾಗದು, ಯಾರೋ ಸುಮ್ನೆ ಕೋಡ್ ಅಳಿಸಿರಬಹುದು. ಆದರೆ ಕೊಳ್ಳುವವರು ಬರುವ ಹೊತ್ತಿಗೇ ಯಾಕೆ, ಅಲ್ವಾ?

ಇಸಿಯು ತನ್ನ ಒಳಗಿನ ಅಂಕಿಗಳನ್ನೆಲ್ಲ ಕೂಡಿ ಕಳೆದು ಸಿವಿಎನ್ ಎಂಬ ಒಂದು ಗುರುತನ್ನೂ ಕೊಡುತ್ತದೆ. ಅದೇ ಮಾದರಿ, ಅದೇ ಸಾಫ್ಟ್‌ವೇರ್ ಇರುವ ಇನ್ನೊಂದು ಗಾಡಿಯ ಗುರುತಿಗೆ ಹೋಲಿಸಿದರೆ ರೀಮ್ಯಾಪ್ ಸಿಕ್ಕಿಬೀಳಬಹುದು. ಹಳೇ ಅಂಕಿ ವಾಪಸ್ ಹಾಕಿದ್ದರೆ ಸಿಗುವುದಿಲ್ಲ. ಚಾಣಾಕ್ಷ ಟ್ಯೂನರ್ ಇದನ್ನೂ ಮರೆಮಾಚಬಲ್ಲ.

ಕೀ ಆನ್ ಮಾಡಿ ಎಂಜಿನ್ ಶುರು ಮಾಡದೆ ಒಳಗಾಳಿಯ ಒತ್ತಡ ನೋಡುವುದು ನನಗೆ ತುಂಬ ಇಷ್ಟದ ಪರೀಕ್ಷೆ. ಆಗ ಒಳಗೂ ಹೊರಗೂ ಒಂದೇ ಗಾಳಿ. ಚಿಕ್ಕಮಗಳೂರಿನಲ್ಲಿ 89, ಹಾಸನದಲ್ಲಿ 90ರ ಆಸುಪಾಸು ಕಿಲೋಪ್ಯಾಸ್ಕಲ್ ತೋರಿಸಬೇಕು (100 ಕಿಲೋಪ್ಯಾಸ್ಕಲ್ ಅಂದರೆ 1 ಬಾರ್). ಅದಕ್ಕಿಂತ ತುಂಬ ಹೆಚ್ಚೋ ಕಡಿಮೆಯೋ ತೋರಿಸಿದರೆ ಸೆನ್ಸರ್ ಕೆಟ್ಟಿದೆ, ಇಲ್ಲವೇ ಯಾರೋ ಮಧ್ಯೆ ಕೈ ಆಡಿಸಿದ್ದಾರೆ. ಸೆನ್ಸರ್ ಮತ್ತು ಇಸಿಯು ನಡುವೆ ಕೂರಿಸುವ ಪುಟ್ಟ ಪೆಟ್ಟಿಗೆಗಳು ಸಿಗುತ್ತವೆ. ಇರುವ ಒತ್ತಡಕ್ಕಿಂತ ಕಡಿಮೆ ಹೇಳಿ ಇಸಿಯುವನ್ನು ನಂಬಿಸಿ, ಟರ್ಬೊವನ್ನು ಜಾಸ್ತಿ ದುಡಿಸುವುದು ಇವುಗಳ ಉಪಾಯ. ಎಂಜಿನ್ ಓಡುವಾಗ ಮಾತ್ರ ಸುಳ್ಳು ಹೇಳುವ ಪೆಟ್ಟಿಗೆಗಳೇ ಜಾಸ್ತಿ. ಅದಕ್ಕೆ ವೈರ್ ಜಾಡು ಹಿಡಿದು ಕಣ್ಣಿನಲ್ಲೇ ಹುಡುಕಬೇಕು. ನಮ್ಮ ಗಾಡಿ 90 ತೋರಿಸಿತು. ಪೆಟ್ಟಿಗೆ ಇರಲಿಲ್ಲ.

ಕೊನೆಗೆ ಸ್ಪಾರ್ಕ್ ಪ್ಲಗ್ ಬಿಚ್ಚಿದೆವು. ಪ್ಲಗ್ ಮೇಲಿನ ನಂಬರ್ ಅದರ ಬಿಸಿಯ ದರ್ಜೆ, ಅಂದರೆ ಅದು ಬಿಸಿಯನ್ನು ಎಷ್ಟು ಬೇಗ ಬಿಟ್ಟುಕೊಡುತ್ತದೆ ಅನ್ನುವುದನ್ನು ಹೇಳುತ್ತದೆ. ಎನ್‌ಜಿಕೆ ಪ್ಲಗ್‌ಗಳಲ್ಲಿ ಅಂಕಿ ಹೆಚ್ಚಿದ್ದಷ್ಟೂ ಪ್ಲಗ್ ತಣ್ಣಗಿರುತ್ತದೆ, ಬಾಷ್‌ನಲ್ಲಿ ಇದು ತಿರುಗಾಮುರುಗಾ. ಟ್ಯೂನ್ ಮಾಡಿದವರು ಹೆಚ್ಚಾಗಿ ಒಂದು ದರ್ಜೆ ತಣ್ಣನೆಯ ಪ್ಲಗ್ ಹಾಕುತ್ತಾರೆ. ವಾಪಸ್ ಬದಲಿಸಲು ಎಷ್ಟೋ ಜನಕ್ಕೆ ನೆನಪೇ ಆಗುವುದಿಲ್ಲ. ಇಲ್ಲೂ ಆಗಿರಲಿಲ್ಲ. ಮೂರನೇ ಪ್ಲಗ್‌ನ ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಚುಕ್ಕೆಗಳಿದ್ದವು. ಬೆಳಕಿಗೆ ಹಿಡಿದರೆ ಕೆಲವು ಮಿನುಗಿದವು. ಅವು ಅಲ್ಯೂಮಿನಿಯಂ ಕಣಗಳು, ಅಂದರೆ ಪಿಸ್ಟನ್‌ನದೇ ಚೂರು.

ಕಂಪ್ರೆಷನ್, ಅಂದರೆ ಪಿಸ್ಟನ್ ಮೇಲೇರುವಾಗ ಸಿಲಿಂಡರ್ ಒಳಗೆ ಎಷ್ಟು ಒತ್ತಡ ಕಟ್ಟುತ್ತದೆ ಅನ್ನುವುದನ್ನು ನೋಡಿದೆವು. ಇಲ್ಲಿ ಒಂದು ಮಾತು. ಪುಸ್ತಕದಲ್ಲಿ ಕೊಟ್ಟ ಅಂಕಿ ಸಮುದ್ರ ಮಟ್ಟದ್ದು. ನಮ್ಮ ಎತ್ತರದಲ್ಲಿ ಸುಮಾರು 10 ಶೇಕಡಾ ಕಡಿಮೆ ಬರುವುದು ಸಹಜ, ಅದಕ್ಕೆ ಹೆದರಬೇಕಿಲ್ಲ. ಸಿಲಿಂಡರ್‌ಗಳ ನಡುವಿನ ವ್ಯತ್ಯಾಸವನ್ನು ಗಮನಿಸಬೇಕು. ಒಂದು, ಎರಡು, ನಾಲ್ಕನೇ ಸಿಲಿಂಡರ್‌ಗಳು 11 ಬಾರ್ ಹತ್ತಿರ ಇದ್ದವು. ಮೂರನೆಯದು 7.5. ಕ್ಯಾಮೆರಾ ಇಳಿಸಿದಾಗ ಆ ಪಿಸ್ಟನ್‌ನ ಅಂಚು ಇಲಿ ಕಚ್ಚಿದ ಹಾಗೆ ತರಿತರಿಯಾಗಿತ್ತು.

ಸೈಲೆನ್ಸರ್ ಕಡೆ ಆಮೇಲೆ ನೋಡುವ ಅಗತ್ಯ ಬೀಳಲಿಲ್ಲ. ನೀವು ನೋಡುವಾಗ ಬಿಡಬೇಡಿ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುವ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ಬರೀ ಪೈಪ್ ಹಾಕಿರುವ ಗಾಡಿಗಳಿವೆ. ಅದು ಸರಿಯಿದ್ದರೆ ಹಿಂದಿನ ಆಕ್ಸಿಜನ್ ಸೆನ್ಸರ್‌ನ ಗೆರೆ ಸ್ಕ್ಯಾನರ್‌ನಲ್ಲಿ ಹೆಚ್ಚುಕಡಿಮೆ ಸಮತಟ್ಟಾಗಿರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ. ಆರ್‌ಸಿ ನಿಮ್ಮ ಹೆಸರಿಗೆ ಬಂದ ಮೇಲೆ ಆ ತಲೆನೋವು ನಿಮ್ಮದು. ಇನ್ಶೂರೆನ್ಸ್ ಕ್ಲೇಮಿನಲ್ಲೂ ತೊಂದರೆ ಆಗಬಹುದು.

ಮೊಬೈಲಿನಲ್ಲಿ ಪಿಸ್ಟನ್ ಚಿತ್ರ ತೋರಿಸಿದಾಗ ಮಾರುವವರು ಸುಮಾರು ಹೊತ್ತು ಮಾತಾಡಲಿಲ್ಲ. ಕೋಡ್ ಅಳಿಸಿದ್ದು ತಾವೇ ಎಂದು ಒಪ್ಪಿಕೊಂಡರು. ಎಂಜಿನ್ ಲೈಟ್ ಆಗಾಗ ಉರಿಯುತ್ತಿತ್ತಂತೆ, ಅಷ್ಟೇ ಅಂದುಕೊಂಡಿದ್ದರಂತೆ. ಅವರು ಮೂರನೇ ಓನರ್. ಕೊಳ್ಳುವಾಗ ಅವರಿಗೂ ಯಾರೋ "ಸ್ಟಾಕ್ ಗಾಡಿ" ಎಂದೇ ಹೇಳಿದ್ದರು. ನಾವು ಹೊರಡುವಾಗ ಕಾರಿನ ಕಿಟಕಿ ಹತ್ತಿರ ಬಂದು, "ಸಾರ್, ಆ ಫೋಟೋ ನನಗೂ ಕಳಿಸ್ತೀರಾ?" ಎಂದು ಕೇಳಿದರು. ಅಣ್ಣನ ಮಗ ಅಲ್ಲೇ ವಾಟ್ಸಾಪ್ ಮಾಡಿದ.